ಇಲ್ಲ ಎನ್ನಲು ಬಾರದ ಯಂತ್ರ

2021ರ ಜೂನ್ ಮೊದಲ ವಾರ ಕನ್ನಡಿಗರೆಲ್ಲ ಗೂಗಲ್ ಮೇಲೆ ಮುಗಿಬಿದ್ದದ್ದು ಹಲವರಿಗೆ ನೆನಪಿರಬಹುದು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪುಟದ ನೆತ್ತಿಯಲ್ಲೇ ಕನ್ನಡ ಎಂಬ ಉತ್ತರ ಬರುತ್ತಿತ್ತು. ಸ್ಕ್ರೀನ್‌ಶಾಟುಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಅದು ಸಂಸ್ಥೆಯ ಅಭಿಪ್ರಾಯವಲ್ಲ, ಅಂತರ್ಜಾಲದಲ್ಲಿ ಯಾರೋ ಬರೆದಿಟ್ಟದ್ದು ಕೆಲವು ಪ್ರಶ್ನೆಗಳಿಗೆ ಹೀಗೆ ಎದ್ದು ಬರುತ್ತದೆ ಎಂಬುದು ಅದರ ಸಮಜಾಯಿಷಿಯ ಸಾರ.

ಸಿಟ್ಟು ನ್ಯಾಯವಾದದ್ದೇ. ಆದರೆ ಅವತ್ತಿನ ಚರ್ಚೆಯೆಲ್ಲ ಉತ್ತರದ ಸುತ್ತಲೇ ಸುತ್ತಿತು. ಇಂಥ ಪ್ರಶ್ನೆಗೆ ಉತ್ತರ ಕೊಡಲು ಆ ಯಂತ್ರ ಒಪ್ಪಿದ್ದಾದರೂ ಯಾಕೆ ಎಂದು ಕೇಳಿದವರು ಕಡಿಮೆ. ಭಾಷೆಯನ್ನು ಬಲ್ಲವರು ಯಾರೂ ಕೊಳಕು ಭಾಷೆ ಯಾವುದೆಂದು ಲೇಖನ ಬರೆಯುವುದಿಲ್ಲ. ಹಾಗಾಗಿ ಆ ಪದಗಳು ಒಟ್ಟಿಗೆ ಕೂತಿರುವ ಪುಟಗಳು ಇಡೀ ಅಂತರ್ಜಾಲದಲ್ಲಿ ಬೆರಳೆಣಿಕೆಯಷ್ಟು. ಯಾವುದೋ ಅನಾಮಧೇಯ ತಾಣದ ಕೆಲಸಕ್ಕೆ ಬಾರದ ಪುಟವೊಂದು ಕಣದಲ್ಲಿ ಒಂಟಿಯಾಗಿ ನಿಂತು ಅವಿರೋಧವಾಗಿ ಗೆದ್ದಿತು, ಅಷ್ಟೇ. ಹೀಗೆ ಯಾರೂ ಸರಿಯಾಗಿ ಬರೆಯದೆ ಬಿಟ್ಟ ಖಾಲಿ ಜಾಗಗಳಿಗೆ ಮೈಕ್ರೋಸಾಫ್ಟ್‌ನ ಬಿಂಗ್ ವಿಭಾಗದಲ್ಲಿದ್ದ ಮೈಕೆಲ್ ಗೊಲೆಬಿಯೆವ್‌ಸ್ಕಿ 2018ರಲ್ಲಿ ‘ಡೇಟಾ ವಾಯ್ಡ್’ ಎಂದು ಹೆಸರಿಟ್ಟರು. ಸಂಶೋಧಕಿ ಡಾನಾ ಬಾಯ್ಡ್ ಜೊತೆ ಸೇರಿ ಅವರು ಬರೆದ ವರದಿಯ ಮುಖ್ಯ ಎಚ್ಚರಿಕೆ ಇದು: ಖಾಲಿ ಜಾಗ ಖಾಲಿಯಾಗಿಯೇ ಉಳಿಯುವುದಿಲ್ಲ, ದುರುದ್ದೇಶ ಇರುವವರು ಬಂದು ಅದನ್ನು ತುಂಬುತ್ತಾರೆ.

ಊರಿನ ಕಿರಾಣಿ ಅಂಗಡಿಯವರ ಹತ್ತಿರ ಹೋಗಿ ಇಲ್ಲದ ಸಾಮಾನು ಕೇಳಿದರೆ ‘ಇಲ್ಲ ಸಾರ್, ಸೋಮವಾರ ಬರುತ್ತೆ’ ಎನ್ನುತ್ತಾರೆ; ಉದ್ದಿನಬೇಳೆ ಕೇಳಿದವರ ಚೀಲಕ್ಕೆ ಸುಮ್ಮನೆ ಹೆಸರುಬೇಳೆ ಸುರಿಯುವುದಿಲ್ಲ. ಸರ್ಚ್ ಎಂಜಿನ್ ಮಾಡುವುದು ಎರಡನೆಯದನ್ನೇ. ಕೇಳಿದ್ದು ಇಲ್ಲದಿದ್ದರೆ ಇದ್ದುದರಲ್ಲೇ ಹತ್ತನ್ನು ತೆಗೆದು ಸಾಲಾಗಿ ಜೋಡಿಸಿ ಮುಂದಿಡುತ್ತದೆ. ಒಂದನೆಯದು ಒಂದನೆಯದರಂತೆಯೇ ಕಾಣುತ್ತದೆ, ಅದು ರತ್ನವೋ ಕಸವೋ ಎಂಬ ಸುಳಿವು ಪುಟದ ಮುಖದ ಮೇಲೆ ಇರುವುದಿಲ್ಲ.

ಯಂತ್ರಕ್ಕೆ ಗೊತ್ತಾಗುವುದಿಲ್ಲ, ಪಾಪ, ಎಂದು ಬಿಟ್ಟುಬಿಡುವ ಹಾಗಿಲ್ಲ. ಒಂದು ಹುಡುಕಾಟ ಕೇಳಿದವರ ಕೈಗೆ ಏನನ್ನೂ ಕೊಡದೆ ಸೋಲುತ್ತದೆಯೇ ಎಂದು ಮೊದಲೇ ಅಂದಾಜಿಸುವುದನ್ನೇ ಕಸುಬಾಗಿಸಿಕೊಂಡ ವಿದ್ವಾಂಸರ ಒಂದು ಬಳಗ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದೆ. ಅವರು ಕಂಡುಕೊಂಡದ್ದೂ ಇದೆ, ಕೈಚೆಲ್ಲಿದ್ದೂ ಇದೆ. ನಮ್ಮಂಥ ಬಳಕೆದಾರರಿಗೆ ಆ ಕಥೆ ಗೊತ್ತಿರುವುದು ಒಳ್ಳೆಯದು.

ಕಥೆ ಗೂಗಲ್‌ಗಿಂತ ಹಳೆಯದು. 1985ರಲ್ಲಿ ಡೇವಿಡ್ ಬ್ಲೇರ್ ಮತ್ತು ಎಂ.ಇ. ಮ್ಯಾರನ್ ಎಂಬಿಬ್ಬರು ಪ್ರಕಟಿಸಿದ ಒಂದು ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಬೆಚ್ಚಿಬೀಳಿಸುವಂಥದ್ದು. ಒಂದು ದೊಡ್ಡ ಕಂಪನಿಯ ಮೇಲೆ ಮೊಕದ್ದಮೆ ನಡೆದಿತ್ತು. ಪ್ರತಿವಾದಿ ವಕೀಲರ ಬಳಿ ಸುಮಾರು 40,000 ದಾಖಲೆಗಳು, ಪುಟಗಳ ಲೆಕ್ಕದಲ್ಲಿ ಸುಮಾರು ಮೂರೂವರೆ ಲಕ್ಷ. ಎಲ್ಲವನ್ನೂ ಐಬಿಎಂನ ಸ್ಟೇರ್ಸ್ ಎಂಬ ಹುಡುಕು ವ್ಯವಸ್ಥೆಗೆ ಏರಿಸಲಾಗಿತ್ತು. ಮೊಕದ್ದಮೆಗೆ ಸಂಬಂಧಪಟ್ಟ ಕಾಗದಗಳಲ್ಲಿ ಕನಿಷ್ಠ ಶೇ 75ರಷ್ಟಾದರೂ ಸಿಗಬೇಕು ಎಂಬುದು ವಕೀಲರ ಷರತ್ತು. ಅವರು ಹುಡುಕಿದರು, ಪದ ಬದಲಿಸಿ ಮತ್ತೆ ಹುಡುಕಿದರು, ಸಿಕ್ಕಿತು ಎಂದು ತೃಪ್ತರಾದರು. ಬ್ಲೇರ್ ಮತ್ತು ಮ್ಯಾರನ್ ಉಳಿದ ರಾಶಿಯನ್ನು ಶೋಧಿಸಿ ನೋಡಿದಾಗ ವಕೀಲರಿಗೆ ಸಿಕ್ಕಿದ್ದು ಸರಾಸರಿ ಶೇ 20 ಮಾತ್ರ. ಐದರಲ್ಲಿ ನಾಲ್ಕು ಪಾಲು ಕಾಗದ ಡಬ್ಬದೊಳಗೇ ಮಲಗಿತ್ತು. ಹುಡುಕಿದವರಿಗೆ ಅದರ ಲವಲೇಶ ಅನುಮಾನವೂ ಇರಲಿಲ್ಲ.

ಯಾಕೆ ಹೀಗಾಯಿತು? ಒಂದು ಅಪಘಾತದ ಬಗ್ಗೆ ವಕೀಲರು ಅಪಘಾತ ಎಂದೇ ಹುಡುಕಿದರು. ದೂಷಿಸಿ ಬರೆದವರ ಕಾಗದಗಳಲ್ಲಿ ಅಪಘಾತ ಎಂದೇ ಇತ್ತು. ಆದರೆ ಬೇರೆ ಕಾಗದಗಳಲ್ಲಿ ಅದು ಘಟನೆ, ಸನ್ನಿವೇಶ, ಸಮಸ್ಯೆ, ತೊಂದರೆ ಎಂದೆಲ್ಲ ಆಗಿತ್ತು. ಅದರಲ್ಲಿ ನೇರವಾಗಿ ಸಿಕ್ಕಿಕೊಂಡಿದ್ದವರಂತೂ ‘ದುರದೃಷ್ಟಕರ ಸನ್ನಿವೇಶ’ ಎಂದು ಬರೆದಿದ್ದರು. ತಪ್ಪು ಮಾಡಿದವರು ತಮ್ಮ ತಪ್ಪಿಗೆ ಮೆತ್ತನೆಯ ಹೆಸರಿಡುವುದು ಎಲ್ಲ ಊರಿನಲ್ಲೂ ಇರುವುದೇ. ಇನ್ನೊಂದು ತಾಂತ್ರಿಕ ವಿಷಯವನ್ನು ಹುಡುಕುತ್ತ ಹೋದ ಸಂಶೋಧಕರಿಗೆ ಒಂದೇ ಉಪಾಯಕ್ಕೆ ಒಂದರ ಹಿಂದೊಂದರಂತೆ ಐದು ಹೆಸರು ಸಿಕ್ಕವು: ಒಂದು ಕಾಗದದಲ್ಲಿ ಒಂದು, ಅದನ್ನು ಕಂಡುಹಿಡಿದವನ ಬರಹದಲ್ಲಿ ಮತ್ತೊಂದು, ಬೇರೆ ಊರಿನಲ್ಲಿ ಪರೀಕ್ಷೆ ಮಾಡಿದವರ ವರದಿಯಲ್ಲಿ ಇನ್ನೊಂದು. ವಾರದ ನಲವತ್ತು ಗಂಟೆ ಅದಕ್ಕೇ ಹೋಯಿತು. ಹೆಸರುಗಳು ಮುಗಿದವೆಂದು ಅವರು ನಿಲ್ಲಿಸಲಿಲ್ಲ, ಸಮಯ ಮುಗಿಯಿತೆಂದು ನಿಲ್ಲಿಸಿದರು.

ನಮ್ಮಲ್ಲಿ ಇದನ್ನು ನೋಡಬೇಕೆಂದರೆ ಜಮೀನಿನ ದಾಖಲೆ ಸಾಕು. ಮೈಸೂರು ಕಡೆಯವರು ಪಹಣಿ ಎನ್ನುತ್ತಾರೆ, ಬೆಳಗಾವಿ ಕಡೆ ಉತಾರ ಎನ್ನುತ್ತಾರೆ, ಕಚೇರಿಯಲ್ಲಿ ಆರ್‌ಟಿಸಿ ಎನ್ನುತ್ತಾರೆ. ಅಣ್ಣತಮ್ಮಂದಿರ ಪಾಲಿಗೆ ನಕ್ಷೆ ಮಾಡಿಸಬೇಕಾದ ರೈತನಿಗೆ ಅದರ ಹೆಸರು ‘11ಇ ನಕ್ಷೆ’ ಎಂದು ಗೊತ್ತಿದ್ದರೆ ಕ್ಷಣದಲ್ಲಿ ಸಿಗುತ್ತದೆ. ಗೊತ್ತಿಲ್ಲದವನು ‘ಜಮೀನು ಭಾಗ ಮಾಡೋದು ಹೇಗೆ’ ಎಂದು ಕೇಳಿ ಜ್ಯೋತಿಷ್ಯ, ಧಾರಾವಾಹಿ, ಕೋರ್ಟು ಸುದ್ದಿ ಎಲ್ಲ ಓದಿ ಬರಬೇಕಾದೀತು. ಹುಡುಕಲು ಹೊರಟವನಿಗೆ ಉತ್ತರದ ಅರ್ಧ ಮೊದಲೇ ಗೊತ್ತಿರಬೇಕು ಎಂಬುದು ಈ ಯಂತ್ರಗಳ ಹಳೆಯ ಅನ್ಯಾಯ. ಗ್ರಂಥಾಲಯದ ಕಂಪ್ಯೂಟರ್ ಕ್ಯಾಟಲಾಗು ಬಳಸಲು ಯಾಕೆ ಕಷ್ಟ ಎಂದು ಕ್ರಿಸ್ಟೀನ್ ಬೋರ್ಗ್‌ಮನ್ 1986ರಲ್ಲಿ ಪ್ರಬಂಧ ಬರೆದರು. ಹತ್ತು ವರ್ಷದ ಮೇಲೆ, 1996ರಲ್ಲಿ, ಅದೇ ತಲೆಬರಹಕ್ಕೆ ‘ಇನ್ನೂ’ ಎಂಬ ಒಂದು ಪದ ಸೇರಿಸಿ ಮತ್ತೊಂದು ಬರೆದರು.

ಸರಿ, ಸೋಲನ್ನು ಮೊದಲೇ ಮೂಸುವುದು ಹೇಗೆ? ಅತಿ ಸರಳ ಸುಳಿವು ಪದಗಳಲ್ಲೇ ಇದೆ. ಬ್ರಿಟನ್ನಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ತೋರಿಸಿಕೊಟ್ಟ ವಿಷಯ ಇಂದಿಗೂ ಹುಡುಕಾಟದ ಬೆನ್ನೆಲುಬು: ಎಲ್ಲ ಕಡೆ ಬರುವ ಪದ ಏನನ್ನೂ ಗುರುತಿಸಿಕೊಡುವುದಿಲ್ಲ, ಅಪರೂಪದ ಪದ ನೇರವಾಗಿ ಬೆರಳು ತೋರಿಸುತ್ತದೆ. ‘ಸರ್ಕಾರ ಯೋಜನೆ ಹಣ’ ಎಂದು ಕೇಳಿದವರಿಗೆ ಒಳ್ಳೆಯದಾಗುವ ಸಂಭವ ಕಡಿಮೆ ಎನ್ನಲು ಹುಡುಕಿ ನೋಡುವ ಅಗತ್ಯವೂ ಇಲ್ಲ.

ಎರಡನೆಯ ಸುಳಿವು ಸ್ವಲ್ಪ ಜಾಣತನದ್ದು. 2002ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸ್ಟೀವ್ ಕ್ರೋನೆನ್-ಟೌನ್‌ಸೆಂಡ್, ಯುನ್ ಝೌ ಮತ್ತು ಬ್ರೂಸ್ ಕ್ರಾಫ್ಟ್ ‘ಕ್ಲ್ಯಾರಿಟಿ ಸ್ಕೋರ್’ ಎಂಬ ಅಳತೆಯನ್ನು ತಂದರು. ಹುಡುಕಿದಾಗ ಮೇಲೆ ಬಂದ ಪುಟಗಳಲ್ಲಿ ಯಾವ್ಯಾವ ಪದ ಎಷ್ಟೆಷ್ಟು ಸಲ ಬರುತ್ತದೆ ನೋಡಿ. ಇಡೀ ಸಂಗ್ರಹದಲ್ಲಿ ಅದೇ ಪದಗಳು ಎಷ್ಟೆಷ್ಟು ಬರುತ್ತವೆ ಎಂಬುದರ ಪಕ್ಕ ಇಟ್ಟು ಹೋಲಿಸಿ. ಎರಡಕ್ಕೂ ಅಂತರ ದೊಡ್ಡದಾಗಿದ್ದರೆ ಪ್ರಶ್ನೆ ಒಂದು ನಿರ್ದಿಷ್ಟ ಮೂಲೆಗೆ ಹೋಗಿ ಮುಟ್ಟಿದೆ ಎಂದರ್ಥ. ಅಂತರ ಇಲ್ಲದಿದ್ದರೆ ಯಂತ್ರ ಊರೆಲ್ಲ ಅಲೆದು ಬಂದಿದೆ. ‘ಕಾವೇರಿ ಐದನೇ ಹಂತ’ ಎಂದರೆ ಬರುವ ಪುಟಗಳೆಲ್ಲ ಒಂದೇ ಮಾತಾಡುತ್ತವೆ: ಜಲಮಂಡಳಿ, ಕೊಳವೆ, 110 ಹಳ್ಳಿ. ‘ಬೆಂಗಳೂರು ನೀರು’ ಎಂದರೆ ಟ್ಯಾಂಕರ್ ದರ, ಬೆಳ್ಳಂದೂರಿನ ನೊರೆ, ಮಳೆಗೆ ಮುಳುಗಿದ ರಸ್ತೆ, ಕ್ಯಾನ್ ನೀರಿನ ಅಂಗಡಿ, ಎಲ್ಲ ಕಲಸಿ ಬರುತ್ತವೆ. ಈ ಎರಡರಲ್ಲಿ ಯಾವುದು ಕೈಕೊಡಬಹುದು ಎಂದು ಹೇಳಲು ಯಂತ್ರಕ್ಕೆ ನೀರಿನ ಬಗ್ಗೆ ಏನೂ ತಿಳಿದಿರಬೇಕಿಲ್ಲ.

ಆಮೇಲೆ ಇಂಥ ಅಳತೆಗಳು ಹಲವು ಬಂದವು. ಪ್ರಶ್ನೆಯನ್ನು ತುಂಡು ಮಾಡಿ, ಒಂದೊಂದು ಪದವನ್ನೂ ಬಿಡಿಯಾಗಿ ಹುಡುಕಿ, ಬಿಡಿ ಫಲಿತಾಂಶಗಳಿಗೂ ಇಡೀ ಫಲಿತಾಂಶಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡುವ ದಾರಿಯನ್ನು 2005ರಲ್ಲಿ ಹೈಫಾದ ಐಬಿಎಂ ಪ್ರಯೋಗಾಲಯದವರು ತೋರಿಸಿದರು. ಅಲ್ಲಿನ ಡೇವಿಡ್ ಕಾರ್ಮೆಲ್ ಮತ್ತು ಇಲಾಡ್ ಯೋಮ್-ಟೋವ್ 2010ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ವಿವರ ಸಾಕು, ಹುರುಳು ಇಷ್ಟೇ: ಯಂತ್ರದ ಹೊಟ್ಟೆಯೊಳಗೆ ಗೊಂದಲ ಇದ್ದರೆ ಅದನ್ನು ಅಳೆಯಬಹುದು.

ಎಷ್ಟು ಚೆನ್ನಾಗಿ? ಇಲ್ಲಿ ಹೆಮ್ಮೆಪಡುವಂಥದ್ದು ಬಹಳ ಇಲ್ಲ. ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ 1992ರಿಂದ ಪ್ರತಿವರ್ಷ ಟ್ರೆಕ್ ಎಂಬ ಹುಡುಕಾಟದ ಒರೆಗಲ್ಲನ್ನು ನಡೆಸುತ್ತ ಬಂದಿದೆ. ಎಲ್ಲರಿಗೂ ಒಂದೇ ದಾಖಲೆ ರಾಶಿ, ಒಂದೇ ಪ್ರಶ್ನೆಗಳು. ಸರಿ ಉತ್ತರ ಯಾವುದೆಂದು ಮನುಷ್ಯರೇ ಓದಿ ನಿರ್ಧರಿಸುತ್ತಾರೆ. 1997ರಲ್ಲಿ ಅಲ್ಲಿನ ಎಲೆನ್ ವೂರ್ಹೀಸ್ ಮತ್ತು ಡೋನಾ ಹಾರ್ಮನ್ ಒಂದು ಸಣ್ಣ ಪರೀಕ್ಷೆ ಇಟ್ಟರು. ಯಾವ ಪ್ರಶ್ನೆ ಸುಲಭ, ಯಾವುದು ಕಷ್ಟ ಎಂದು ಪರಿಣತರಿಂದಲೇ ಮೊದಲು ಬರೆಸಿಕೊಂಡರು. ಆಮೇಲೆ ಯಂತ್ರಗಳು ನಿಜವಾಗಿ ಎಲ್ಲಿ ಎಡವಿದವು ನೋಡಿದರೆ ಪರಿಣತರ ಊಹೆಗೂ ಅದಕ್ಕೂ ತಾಳಮೇಳವೇ ಇರಲಿಲ್ಲ. ಜೀವಮಾನವೆಲ್ಲ ಹುಡುಕು ಯಂತ್ರ ಕಟ್ಟಿದವರಿಗೂ ಪ್ರಶ್ನೆಯ ಮುಖ ನೋಡಿ ಕಷ್ಟಸುಖ ಹೇಳಲಾಗಲಿಲ್ಲ.

‘ಸಾಗಣೆ ಸುರಂಗಗಳಲ್ಲಿ ಸಂಭವಿಸಿದ ದುರಂತಗಳು’ ಎಂಬುದು ಟ್ರೆಕ್‌ನ ಹೆಸರಾಂತ ಕಷ್ಟದ ಪ್ರಶ್ನೆಗಳಲ್ಲಿ ಒಂದು. ನಮಗೆ ಇದರಲ್ಲಿ ಕಷ್ಟವೇನೂ ಕಾಣುವುದಿಲ್ಲ. ಆದರೆ ಪತ್ರಿಕೆಯವರು ಸುರಂಗದಲ್ಲಿ ದುರಂತ ಎಂದು ಬರೆಯಬೇಕಲ್ಲ? ಬೆಂಕಿ ಎನ್ನುತ್ತಾರೆ, ಕುಸಿತ ಎನ್ನುತ್ತಾರೆ, ಹೊಗೆಗೆ ಉಸಿರುಗಟ್ಟಿ ಸತ್ತರು ಎನ್ನುತ್ತಾರೆ. ಸುರಂಗ ಎಂಬ ಪದ ಹಿಡಿದು ಹೊರಟ ಯಂತ್ರ ಹೊಸ ಸುರಂಗದ ಟೆಂಡರ್ ಸುದ್ದಿಯೊಂದಿಗೆ ವಾಪಸಾಗುತ್ತದೆ. 2003ರ ಬೇಸಿಗೆಯಲ್ಲಿ ಹಲವು ಸಂಸ್ಥೆಗಳ ಸಂಶೋಧಕರು ಒಂದೆಡೆ ಸೇರಿ ಇಂಥ 45 ಪ್ರಶ್ನೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ಕಾರಣಕ್ಕೆ ಸೋಲುತ್ತಿರಬೇಕೆಂಬ ನಿರೀಕ್ಷೆ ಸುಳ್ಳಾಯಿತು. ಬಹುತೇಕ ಎಲ್ಲವೂ ಒಂದೇ ಕಡೆ, ಒಂದೇ ಕಾರಣಕ್ಕೆ ಎಡವುತ್ತಿದ್ದವು. ಪ್ರಶ್ನೆಯ ಒಂದು ಅಂಗವನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಕೈಬಿಡುವುದು ಸಾಮಾನ್ಯ ರೋಗ. ಗೂಗಲ್‌ನಲ್ಲಿ ಸಿಗಲಿಲ್ಲ, ಬಿಂಗ್‌ನಲ್ಲಿ ನೋಡೋಣ ಎಂದು ಹೊರಡುವವರು ಇದನ್ನು ಒಮ್ಮೆ ನೆನೆಯಬಹುದು.

ಅದೇ ಹೊತ್ತಿನಲ್ಲಿ, 2003ರಿಂದ 2005ರವರೆಗೆ, ಟ್ರೆಕ್‌ನಲ್ಲಿ ಕಷ್ಟದ ಪ್ರಶ್ನೆಗಳಿಗೇ ಮೀಸಲಾದ ಒಂದು ವಿಭಾಗ ನಡೆಯಿತು. ಹೊರಗಿನವರು ಅಷ್ಟಾಗಿ ಯೋಚಿಸದ ಒಂದು ಸಂಗತಿ ಅಲ್ಲಿ ಎದ್ದು ಕಂಡಿತು. ಸರಾಸರಿ ಅಂಕ ಹೆಚ್ಚಿಸುವ ಉಪಾಯಗಳು ಕಷ್ಟದ ಪ್ರಶ್ನೆಗಳನ್ನು ಇನ್ನಷ್ಟು ಹಾಳುಮಾಡುತ್ತಿದ್ದವು. ಒಂದು ಉಪಾಯ ಹೀಗಿದೆ: ಮೊದಲು ಬಂದ ಕೆಲವು ಪುಟಗಳು ಸರಿಯೇ ಇರಬೇಕು ಎಂದು ಯಂತ್ರ ನಂಬಿ, ಅವುಗಳಲ್ಲಿನ ಪದಗಳನ್ನು ಪ್ರಶ್ನೆಗೆ ಸೇರಿಸಿ ಮತ್ತೊಮ್ಮೆ ಹುಡುಕುತ್ತದೆ. ಮೊದಲ ಹೆಜ್ಜೆ ಸರಿಯಿದ್ದರೆ ಫಲ ಅದ್ಭುತ. ತಪ್ಪಿದ್ದರೆ, ಟೆಂಡರ್ ಸುದ್ದಿಯ ಪದಗಳನ್ನೇ ತುಂಬಿಕೊಂಡು ಇನ್ನಷ್ಟು ಟೆಂಡರ್ ತರುತ್ತದೆ. ಉಳ್ಳವರಿಗೆ ಇನ್ನಷ್ಟು, ಇಲ್ಲದವರಿಗೆ ಇದ್ದದ್ದೂ ಇಲ್ಲ. ಸೋಲು ಮೊದಲೇ ತಿಳಿದರೆ ಈ ಉಪಾಯವನ್ನು ಅಲ್ಲಿ ಬಳಸದೆ ಬಿಡಬಹುದು ಎಂಬ ಆಸೆಯಿಂದಲೇ ಊಹೆಯ ವಿದ್ಯೆಗೆ ಇಷ್ಟು ಬೆಲೆ ಬಂದದ್ದು. 2004ರಲ್ಲಿ 249 ಪ್ರಶ್ನೆ ಕೊಟ್ಟು, ಎಲ್ಲಿ ಗೆಲ್ಲುತ್ತೀರಿ ಎಲ್ಲಿ ಸೋಲುತ್ತೀರಿ ಎಂದು ಯಂತ್ರಗಳಿಂದಲೇ ಮೊದಲು ಸಾಲು ಹಚ್ಚಿಸಲಾಯಿತು. ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಮೇಲು, ಕಣ್ಣುಮುಚ್ಚಿ ನೆಚ್ಚಿಕೊಳ್ಳುವಷ್ಟಲ್ಲ ಎಂಬ ಮಟ್ಟದಲ್ಲಿ ಆ ವಿದ್ಯೆ ನಿಂತಿತು.

ವೆಬ್‌ನ ದೊಡ್ಡ ಕಂಪನಿಗಳ ಕೈಯಲ್ಲಿ ಇನ್ನೊಂದು ಆಯುಧ ಇದೆ. ಅದು ನಾವೇ. ಒಂದು ಫಲಿತಾಂಶ ಒತ್ತಿ ಎರಡೇ ಸೆಕೆಂಡಿಗೆ ಹಿಂದೆ ಬಂದೆವೇ, ಅರ್ಧ ನಿಮಿಷ ಅಲ್ಲೇ ಕೂತೆವೇ, ಪ್ರಶ್ನೆಯನ್ನು ಬದಲಿಸಿ ಬದಲಿಸಿ ಬರೆದೆವೇ, ಎಲ್ಲವೂ ದಾಖಲಾಗುತ್ತದೆ. ಪದೇ ಪದೇ ತಿದ್ದಿ ಬರೆಯುವುದು ಹತಾಶೆಯ ಗುರುತು. ಏನನ್ನೂ ಒತ್ತದೆ ಎದ್ದು ಹೋಗುವುದೂ ಹಾಗೆಯೇ ಎಂದು ಮೊದಲು ತಿಳಿದಿದ್ದರು. ಆದರೆ ‘ಇಂದಿನ ಚಿನ್ನದ ದರ’ ಎಂದು ಕೇಳಿದವರಿಗೆ ಪುಟದ ಮೇಲೆಯೇ ದರ ಕಂಡರೆ ಅವರು ಒತ್ತುವುದಾದರೂ ಏನನ್ನು? ತೃಪ್ತಿಯಿಂದ ಎದ್ದು ಹೋದವರೂ ಬೇಸತ್ತು ಎದ್ದು ಹೋದವರೂ ದಾಖಲೆಯಲ್ಲಿ ಒಂದೇ ಥರ ಕಾಣುತ್ತಾರೆ. ಗೂಗಲ್‌ನ ಸಂಶೋಧಕರು 2009ರಲ್ಲಿ ಇದಕ್ಕೆ ‘ಒಳ್ಳೆಯ ನಿರ್ಗಮನ’ ಎಂಬರ್ಥದ ಹೆಸರಿಟ್ಟು ಎರಡನ್ನೂ ಬೇರ್ಪಡಿಸಲು ಹೊರಟರು. ಇನ್ನೊಂದು ಮಿತಿಯೂ ಇದೆ. ತಮ್ಮಲ್ಲಿಗೆ ದಿನವೂ ಬರುವ ಪ್ರಶ್ನೆಗಳಲ್ಲಿ ಶೇ 15ರಷ್ಟು ಹಿಂದೆಂದೂ ಯಾರೂ ಕೇಳದವು ಎಂದು ಗೂಗಲ್ ವರ್ಷಗಳಿಂದ ಹೇಳುತ್ತ ಬಂದಿದೆ. ಹಳೆಯ ಬಳಕೆದಾರರ ನಡೆ ನೋಡಿ ಕಲಿಯುವ ಯಂತ್ರಕ್ಕೆ ಅಲ್ಲಿ ಕಲಿಯಲು ಏನೂ ಇಲ್ಲ. ಕನ್ನಡದಲ್ಲಿ ಕೇಳುವ ಪ್ರಶ್ನೆಗೆ ಹಿಂದೆ ಕೇಳಿದವರು ಇನ್ನೂ ಕಡಿಮೆ.

ಕನ್ನಡದ ಮಾತು ಬಂದದ್ದರಿಂದ ಅದನ್ನೇ ಸ್ವಲ್ಪ ನೋಡೋಣ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ ಕನ್ನಡದಲ್ಲಿ ಇರುವುದು 30 ಸಾವಿರದ ಆಸುಪಾಸು. ಖಾಲಿ ಜಾಗ ಎಷ್ಟು ದೊಡ್ಡದೆಂದು ಇದರಿಂದಲೇ ಅಂದಾಜಿಸಬಹುದು. ಇರುವುದನ್ನು ಹುಡುಕುವುದೂ ಸಲೀಸಲ್ಲ. ಮನೆ ಎಂಬುದು ಮನೆಯ, ಮನೆಗೆ, ಮನೆಯಲ್ಲಿ, ಮನೆಗಳಿಂದ, ಮನೆಯವರೊಂದಿಗೆ ಎಂದು ಬೆಳೆಯುತ್ತ ಹೋಗುತ್ತದೆ. ಇವೆಲ್ಲದರ ಬುಡ ಒಂದೇ ಎಂದು ಯಂತ್ರಕ್ಕೆ ಯಾರಾದರೂ ಕಲಿಸಬೇಕು. ವರ್ಷವನ್ನು ೨೦೨೪ ಎಂದೂ ಬರೆಯುತ್ತೇವೆ, 2024 ಎಂದೂ ಬರೆಯುತ್ತೇವೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಒತ್ತಬೇಕು. ಒತ್ತದಿದ್ದರೆ ‘ಸಾಫ್ಟ್ವೇರ್’ ಆಗುತ್ತದೆ. ಓದುಗರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಮೊಬೈಲಿನಲ್ಲಿ ಬಹಳಷ್ಟು ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಕಾಗುಣಿತ. ದೊಡ್ಡ ಎಂಜಿನ್‌ಗಳು ಇವುಗಳಲ್ಲಿ ಹಲವನ್ನು ಈಗ ಸುಧಾರಿಸಿಕೊಂಡಿವೆ. ಇಲಾಖೆಗಳ, ವಿಶ್ವವಿದ್ಯಾಲಯಗಳ, ಪತ್ರಿಕೆಗಳ ತಾಣದೊಳಗಿನ ಹುಡುಕುಪೆಟ್ಟಿಗೆಗಳ ಕಥೆ ಬೇರೆ. ಅಲ್ಲಿ ಒಂದು ಅಕ್ಷರ ತಪ್ಪಿದರೂ ಶೂನ್ಯ ಸಂಪಾದನೆ. ಆದರೂ, ನನ್ನ ಲೆಕ್ಕದಲ್ಲಿ, ಶೂನ್ಯ ತೋರಿಸುವ ಪೆಟ್ಟಿಗೆಗೆ ಒಂದು ಪ್ರಾಮಾಣಿಕತೆ ಇದೆ.

ಕನ್ನಡದ ಅತಿ ದೊಡ್ಡ ಸೋಲು ಇನ್ನೂ ಆಳದಲ್ಲಿದೆ. ಯೂನಿಕೋಡ್ ಬರುವ ಮೊದಲು ಮತ್ತು ಬಂದ ಮೇಲೂ ಬಹಳ ವರ್ಷ ಸರ್ಕಾರಿ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಲಾಯಿತು. ಕಣ್ಣಿಗೆ ಅದು ಅಚ್ಚ ಕನ್ನಡ. ಒಳಗೆ ಇರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಅಂಥ ಕಡತವನ್ನು ಪಿಡಿಎಫ್ ಮಾಡಿ ತಾಣಕ್ಕೆ ಏರಿಸಿದರೆ, ಹುಡುಕು ಯಂತ್ರ ಒಳಗಿನ ಕಲಸುಮೇಲೋಗರವನ್ನು ಓದಿಕೊಳ್ಳುತ್ತದೆ. ಇನ್ನು ಕೆಲವರು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ವಾರೆಯಾಗಿ ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಅದು ಬರೀ ಚಿತ್ರ, ಅದನ್ನು ಓದಿಸಬೇಕಾದರೆ ಬೇರೆಯದೇ ತಂತ್ರ ಬೇಕು.

ಊಹೆಯ ವಿದ್ಯೆ ಮುಗ್ಗರಿಸುವುದು ಇಲ್ಲೇ. ಒಂದು ಸರ್ಕಾರಿ ಆದೇಶವನ್ನು ಹುಡುಕಿದಿರಿ ಎನ್ನಿ. ಮೂಲ ಆದೇಶ ಇಲಾಖೆಯ ತಾಣದಲ್ಲೇ ಇದೆ, ಆದರೆ ಯಂತ್ರದ ಪಾಲಿಗೆ ಇಲ್ಲ. ಅದರ ಬಗ್ಗೆ ಬರೆದ ಹತ್ತು ಸುದ್ದಿ ತುಣುಕುಗಳು, ಎರಡು ಯೂಟ್ಯೂಬ್ ವಿಡಿಯೊಗಳು ಸಾಲಾಗಿ ಬರುತ್ತವೆ. ಎಲ್ಲವೂ ಒಂದೇ ಪದಗಳಲ್ಲಿ ಮಾತಾಡುತ್ತವೆ, ಹೊಂದಾಣಿಕೆ ಚೆನ್ನಾಗಿದೆ, ಕ್ಲ್ಯಾರಿಟಿ ಸ್ಕೋರು ಮೇಲಿದೆ. ಯಂತ್ರ ತಾನು ಗೆದ್ದೆನೆಂದು ತಿಳಿಯುತ್ತದೆ. ನಿಮಗೆ ಬೇಕಿದ್ದ ಮೂರನೇ ಷರತ್ತು ಯಾವ ಸುದ್ದಿಯಲ್ಲೂ ಇಲ್ಲ. ಯಂತ್ರ ಊಹಿಸುವುದು ತನ್ನ ಬಳಿ ಇರುವುದನ್ನು ನೋಡಿ. ತನ್ನ ಬಳಿ ಬಾರದೇ ಹೋದದ್ದು ಅದರ ಯಾವ ಅಳತೆಗೂ ನಿಲುಕುವುದಿಲ್ಲ.

ಇದಕ್ಕಿಂತ ಕ್ರೂರವಾದದ್ದು ಬೇಕೆಂದೇ ಹೂಡಿದ ಸೋಲು. ಯಾವುದೋ ಬ್ಯಾಂಕಿನ, ಕೊರಿಯರಿನ, ಗ್ಯಾಸ್ ಏಜೆನ್ಸಿಯ ಕಸ್ಟಮರ್ ಕೇರ್ ನಂಬರ್ ಹುಡುಕಿ, ಮೇಲೆ ಕಂಡ ಸಂಖ್ಯೆಗೆ ಫೋನ್ ಮಾಡಿ, ಖಾತೆ ಖಾಲಿ ಮಾಡಿಕೊಂಡವರ ಸುದ್ದಿಯನ್ನು ನೀವೂ ಓದಿರುತ್ತೀರಿ. ಪ್ರಶ್ನೆ ಸ್ಪಷ್ಟ, ಪದಗಳು ನಿರ್ದಿಷ್ಟ, ಬಳಕೆದಾರ ಒತ್ತಿದ್ದಾನೆ, ಮತ್ತೆ ವಾಪಸು ಬಂದಿಲ್ಲ. ದಾಖಲೆಯ ಪ್ರಕಾರ ಇದಕ್ಕಿಂತ ಯಶಸ್ವಿ ಹುಡುಕಾಟ ಇಲ್ಲ. ಅತ್ತ ಅವನು 1930ಕ್ಕೆ ಕರೆಮಾಡಿ ಸೈಬರ್ ದೂರು ಬರೆಸುತ್ತಿರುತ್ತಾನೆ.

ಕಂಪನಿಗಳು ಏನೂ ಮಾಡಿಲ್ಲ ಎಂದಲ್ಲ. 2020ರಲ್ಲಿ ಗೂಗಲ್ ಒಂದು ಸೂಚನೆ ತೋರಿಸಲು ಶುರುಮಾಡಿತು: ನಿಮ್ಮ ಹುಡುಕಾಟಕ್ಕೆ ಚೆನ್ನಾಗಿ ಹೊಂದುವಂಥದ್ದು ಹೆಚ್ಚೇನೂ ಇದ್ದಂತಿಲ್ಲ ಎಂಬರ್ಥದ್ದು. 2021ರಲ್ಲಿ, ಈಗಷ್ಟೇ ನಡೆಯುತ್ತಿರುವ ಘಟನೆಗಳಿಗೆ, ಫಲಿತಾಂಶಗಳು ಬೇಗ ಬೇಗ ಬದಲಾಗುತ್ತಿವೆ, ಸ್ವಲ್ಪ ತಾಳಿ ಎಂಬ ಸೂಚನೆ ಬಂತು. ಅದನ್ನು ಮೊದಲು ಕೊಟ್ಟದ್ದು ಅಮೆರಿಕದ ಇಂಗ್ಲಿಷ್ ಬಳಕೆದಾರರಿಗೆ. 2022ರಲ್ಲಿ, ಬಂದಿರುವ ಫಲಿತಾಂಶಗಳ ಗುಣಮಟ್ಟದ ಮೇಲೆ ತಮಗೇ ಭರವಸೆ ಇಲ್ಲದಿದ್ದಾಗಲೂ ಎಚ್ಚರಿಸುತ್ತೇವೆ ಎಂದರು. ಇಪ್ಪತ್ತು ವರ್ಷ ಹಳೆಯ ವಿದ್ಯೆ ಬಳಕೆದಾರನ ಕಣ್ಣಿಗೆ ಬಿದ್ದದ್ದು ಆಗಲೇ. ಈ ಸೂಚನೆಯನ್ನು ನೀವು ಕೊನೆಯ ಬಾರಿ ನೋಡಿದ್ದು ಯಾವಾಗ? ದಿನವೂ ಹುಡುಕುವ ಬಹುಪಾಲು ಜನ ನೋಡಿಯೇ ಇರಲಾರರು.

ಇಲ್ಲ ಎನ್ನುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂಬುದು ಒಂದು ಕಾರಣ ಇರಬೇಕು. ಗೂಗಲ್ ಏಕಸ್ವಾಮ್ಯ ನಡೆಸಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟಿನಲ್ಲಿ ತೀರ್ಪಿತ್ತರಲ್ಲ, ಆ ತೀರ್ಪಿನಲ್ಲಿ ಒಂದು ವಿವರ ಇದೆ. ಹುಡುಕಾಟದ ಗುಣಮಟ್ಟವನ್ನು ಗಣನೀಯವಾಗಿ ಇಳಿಸಿದರೂ ತನ್ನ ಸರ್ಚ್ ವರಮಾನಕ್ಕೆ ನಷ್ಟವಾಗದು ಎಂದು ಗೂಗಲ್ 2020ರಲ್ಲಿ ನಡೆಸಿದ ಒಂದು ಆಂತರಿಕ ಅಧ್ಯಯನ ತೋರಿಸಿತ್ತು. ಸೋತರೂ ಗಿರಾಕಿ ಬೇರೆಲ್ಲೂ ಹೋಗುವುದಿಲ್ಲ ಎಂದು ಗೊತ್ತಿರುವ ಅಂಗಡಿಗೆ ಸೋಲನ್ನು ಒಪ್ಪಿಕೊಳ್ಳುವ ದರ್ದು ಏನಿದೆ?

ಈಗಂತೂ ಪೆಟ್ಟಿಗೆ ಪಟ್ಟಿ ಕೊಡುವುದನ್ನೂ ಬಿಟ್ಟು ತಾನೇ ಮಾತಾಡುತ್ತಿದೆ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐ ಸಾರಾಂಶ ದಿನಕ್ಕೊಂದು ಕಲ್ಲು ತಿನ್ನಿ ಎಂದು ಸಲಹೆ ಕೊಟ್ಟದ್ದು ಜಗತ್ತಿಗೆಲ್ಲ ನಗೆಪಾಟಲಾಯಿತು. ಕಂಪನಿಯ ಸರ್ಚ್ ಮುಖ್ಯಸ್ಥೆ ಲಿಜ್ ರೀಡ್ ಕೊಟ್ಟ ವಿವರಣೆ ಓದಿದರೆ ನಮಗೆ ಪರಿಚಯದ್ದೇ ಅನಿಸುತ್ತದೆ. ಎಷ್ಟು ಕಲ್ಲು ತಿನ್ನಬೇಕು ಎಂದು ಮೊದಲು ಯಾರೂ ಕೇಳುತ್ತಿರಲಿಲ್ಲ, ಯಾರೂ ಗಂಭೀರವಾಗಿ ಬರೆದಿರಲಿಲ್ಲ; ಇದ್ದದ್ದು ಒಂದು ಹಾಸ್ಯ ತಾಣದ ಲೇಖನ, ಅದನ್ನು ಭೂವಿಜ್ಞಾನದ ಸಾಫ್ಟ್‌ವೇರ್ ತಾಣವೊಂದು ಮರುಪ್ರಕಟಿಸಿತ್ತು. ಅದೇ ಡೇಟಾ ವಾಯ್ಡ್. 2021ರಲ್ಲಿ ಕನ್ನಡಕ್ಕೆ ಆದದ್ದೂ ಅದೇ. ಒಂದು ವ್ಯತ್ಯಾಸ ಇದೆ: ಹತ್ತು ಲಿಂಕುಗಳ ಪಟ್ಟಿಯಲ್ಲಿ ತಾಣದ ಹೆಸರು ನೋಡಿ ಅನುಮಾನಪಡಲು ನಮಗೆ ಒಂದು ಅವಕಾಶವಾದರೂ ಇತ್ತು. ನಯವಾದ ವಾಕ್ಯಗಳಲ್ಲಿ ಅದೂ ಅಳಿಸಿಹೋಗುತ್ತದೆ.

ಉತ್ತರ ಇಲ್ಲದ ಪ್ರಶ್ನೆಯನ್ನು ಗುರುತಿಸಲು ಯಂತ್ರಕ್ಕೆ ಕಲಿಸಲಾಗದೆಂದೂ ಅಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2018ರಲ್ಲಿ, ಕೊಟ್ಟ ಪಠ್ಯದಲ್ಲಿ ಉತ್ತರವೇ ಇಲ್ಲದ 50,000ಕ್ಕೂ ಹೆಚ್ಚು ಪ್ರಶ್ನೆಗಳನ್ನು ಬರೆಸಿ ತಮ್ಮ ಪರೀಕ್ಷಾ ಸಂಗ್ರಹಕ್ಕೆ ಸೇರಿಸಿದರು. ಅಲ್ಲಿ ಸುಮ್ಮನಿರುವುದೇ ಸರಿಯುತ್ತರ. ಇಂಥ ಸಂಗ್ರಹ ಕನ್ನಡಕ್ಕೂ ಬೇಕು. ನಮ್ಮ ದೇಶದಲ್ಲೇ ಭಾರತೀಯ ಭಾಷೆಗಳ ಹುಡುಕಾಟವನ್ನು ಒರೆಗೆ ಹಚ್ಚಲು 2008ರಲ್ಲಿ ‘ಫೈರ್’ ಎಂಬ ವೇದಿಕೆ ಆರಂಭವಾದಾಗ ಮೊದಲು ಬಂದದ್ದು ಹಿಂದಿ, ಬಂಗಾಳಿ, ಮರಾಠಿ. ಕನ್ನಡದಲ್ಲಿ ಕೇಳಿದ ಯಾವ ಬಗೆಯ ಪ್ರಶ್ನೆ ಎಲ್ಲಿ ಎಡವುತ್ತದೆ ಎಂದು ಲೆಕ್ಕ ಇಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗಗಳು ಮಾಡದೆ ಹೊರಗಿನವರು ಬಂದು ಮಾಡಿಕೊಡುವುದಿಲ್ಲ.

ಅದಕ್ಕೂ ಮೊದಲು ಆಗಬಹುದಾದ ಒಂದು ಕೆಲಸಕ್ಕೆ ಯಾವ ಸಂಶೋಧನೆಯೂ ಬೇಡ. ಅದು ಇಲಾಖೆಗಳ ತಾಣಗಳನ್ನು ನೋಡಿಕೊಳ್ಳುವ ಅಧಿಕಾರಿಗಳು, ಸಿಬ್ಬಂದಿ ಮಾಡಬೇಕಾದದ್ದು.

ಆದೇಶವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಸಹಿ ಇರುವ ಸ್ಕ್ಯಾನ್ ಪ್ರತಿ ಬೇಕೇ ಬೇಕಿದ್ದರೆ ಅದರ ಪಕ್ಕದಲ್ಲಿ ಪಠ್ಯದ ಪ್ರತಿಯನ್ನೂ ಏರಿಸಿ. ಕಡತಕ್ಕೆ ‘ಸ್ಕ್ಯಾನ್ 003’ ಎಂದು ಹೆಸರಿಡದೆ ಅದು ಯಾವ ಆದೇಶ, ಯಾವ ದಿನಾಂಕದ್ದು ಎಂದು ಬರೆಯಿರಿ. ಕಚೇರಿಯ ಹೆಸರಿನ ಜೊತೆಗೆ ಜನ ಕರೆಯುವ ಹೆಸರನ್ನೂ ಒಂದು ಸಾಲು ಸೇರಿಸಿ: ಆರ್‌ಟಿಸಿ ಎಂದಲ್ಲಿ ಪಹಣಿ, ಉತಾರ ಎಂದೂ ಇರಲಿ. ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಡುವ ತಂತ್ರಾಂಶಗಳು ಇವೆ. ಮೊದಲು ಕಳೆದ ಐದು ವರ್ಷದ ಸುತ್ತೋಲೆಗಳಿಂದ ಶುರುಮಾಡಿ.